ಹೊಳೆಗೆ ಬಿಟ್ಟುಬಂದ ಮನೆ

ಬೇಸಗೆ ಕಡುವಾದ ವರ್ಷಗಳಲ್ಲಿ, ಮಳೆಗಾಲ ಇನ್ನೂ ಕಾಲಿಡದ ದಿನಗಳಲ್ಲಿ, ಲಿಂಗನಮಕ್ಕಿಯ ಹಿನ್ನೀರು ಮೆಲ್ಲಮೆಲ್ಲನೆ ಹಿಂದಕ್ಕೆ ಸರಿಯುತ್ತದೆ. ಆಗ ಶರಾವತಿಯ ಕಣಿವೆ ತನ್ನ ಹಳೆಯ ಗುಟ್ಟುಗಳನ್ನು ಒಂದೊಂದಾಗಿ ಹೊರಗಿಡುತ್ತದೆ. ಮೊದಲು ಮರಗಳ ಕರಿಯ ಬೊಡ್ಡೆಗಳು ಕಾಣಿಸುತ್ತವೆ. ಆಮೇಲೆ ಗದ್ದೆಯ ಅಂಚುಗಳ ಗೆರೆ. ಆಮೇಲೆ ಎತ್ತಿನ ಗಾಡಿಗಳು ಓಡಾಡಿದ ದಾರಿಯ ಕುರುಹು. ನೀರು ಇನ್ನೂ ಇಳಿದರೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೇ ತಲೆಯೆತ್ತಿ ನಿಲ್ಲುತ್ತದೆ. ಜೋಗದ ಬಳಿ 1948ರಲ್ಲಿ ಆರಂಭವಾದ ವಿದ್ಯುದಾಗಾರಕ್ಕೆ ನೀರೊದಗಿಸಲೆಂದು ಕಟ್ಟಿದ ಆ ಅಣೆಕಟ್ಟೆಯನ್ನು, 1964ರಲ್ಲಿ ಅದಕ್ಕಿಂತ ಹಿರಿದಾದ ಲಿಂಗನಮಕ್ಕಿಯ ಅಣೆಕಟ್ಟೆ ನುಂಗಿತು. ಅಣೆಕಟ್ಟೆಯನ್ನೇ ನುಂಗಿದ ನೀರಿಗೆ ಮನೆಗಳು ಯಾವ ಲೆಕ್ಕ?

ನೀರು ಇಳಿದ ಅಂಥ ದಿನಗಳಲ್ಲಿ ಕಣಿವೆಗೆ ಬರುವವರೆಲ್ಲರೂ ವಿಹಾರಕ್ಕೆ ಬಂದವರಲ್ಲ. ಕೆಲವರು ಕೊಡೆಯನ್ನು ಊರಿಕೊಂಡು, ಬಿರಿದ ಕೆಸರಿನ ಮೇಲೆ ಎಚ್ಚರದಿಂದ ಹೆಜ್ಜೆಯಿಡುತ್ತ, ಸುತ್ತಲಿನ ಗುಡ್ಡಗಳ ನೆತ್ತಿಗಳನ್ನು ದಿಟ್ಟಿಸಿ ಗುರುತು ಹಿಡಿಯುತ್ತ ನಡೆಯುತ್ತಾರೆ. ಅವರು ಹುಡುಕುವುದು ತಮ್ಮ ಮನೆಯನ್ನು.

ಆ ಕಣಿವೆಯಿಂದ ಎದ್ದುಹೋದ ಮನೆಗಳಲ್ಲಿ ಒಂದನ್ನು ಇಲ್ಲಿ ತೆಗೆದುಕೊಳ್ಳೋಣ. ಮನೆಯ ಹೆಸರು ಬೇಡ. ಮನೆಯವರ ಹೆಸರೂ ಬೇಡ. ಒಂದು ಮನೆಯ ಕಥೆಯನ್ನು ಹೇಳಿದರೆ ನೆರೆಮನೆಯವರು ತಮ್ಮದೇ ಕಥೆಯೆಂದು ತಲೆದೂಗುವಷ್ಟು ಆ ಕಥೆಗಳು ಒಂದನ್ನೊಂದು ಹೋಲುತ್ತವೆ. ಆ ಮನೆಯ ಕಿರಿಯ ಮಗ ಇಂದು ಎಪ್ಪತ್ತನ್ನು ದಾಟಿದ ಹಿರಿಯರು, ನಿವೃತ್ತ ಉಪಾಧ್ಯಾಯರು. ಮನೆ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಅವರ ಕಣ್ಣ ಮುಂದೆ ಬರುವುದು ತಾವು ಕಟ್ಟಿಸಿದ ತಾರಸಿ ಮನೆಯಲ್ಲ. ಕೆಮ್ಮಣ್ಣು ಬಳಿದ ಒಂದು ಗೋಡೆ, ಮತ್ತು ಅದರ ಮುಂದೆ ಕುಕ್ಕುರುಗಾಲಲ್ಲಿ ಕುಳಿತ ತಾಯಿ.

ಕಣಿವೆಯ ಬದುಕು

ಅದು ದೀವರ ಮನೆ. ನಾಡಹೆಂಚಿನ ಇಳಿಜಾರು ಮಾಡು, ಮುಂದೆ ಜಗುಲಿ, ಒಳಗೆ ನಡುಮನೆ, ಅದರ ಮಗ್ಗುಲಲ್ಲಿ ಕತ್ತಲೆ ಕವಿದ ಅಡಿಗೆಮನೆ, ಹಿಂದೆ ಕೊಟ್ಟಿಗೆ. ಅಂಗಳದಾಚೆ ಭತ್ತದ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಹಳ್ಳದವರೆಗೆ ಇಳಿದಿದ್ದವು. ಹಳ್ಳದ ದಡದಲ್ಲಿ ಒಂದು ಅಪ್ಪೆಮಿಡಿಯ ಮರ. ಅದರ ಮಿಡಿಯನ್ನು ಮುರಿದರೆ ಚಿಮ್ಮುವ ಸೊನೆಯ ಪರಿಮಳ ಅಂಗೈಯಿಂದ ಎರಡು ದಿನವಾದರೂ ಹೋಗುತ್ತಿರಲಿಲ್ಲ. ಚೈತ್ರದ ಒಂದು ಬೆಳಗ್ಗೆ ಮರ ಹತ್ತುವುದು, ಮಿಡಿಗಳನ್ನು ನೆಲಕ್ಕೆ ಬೀಳಗೊಡದೆ ಬುಟ್ಟಿಯಲ್ಲಿ ಇಳಿಸುವುದು, ತೊಟ್ಟು ಮುರಿಯದಂತೆ ಆರಿಸಿ ಉಪ್ಪಿನಲ್ಲಿ ಹಾಕುವುದು, ಇವೆಲ್ಲ ತಾಯಿಯ ಕಣ್ಗಾವಲಿನಲ್ಲಿ ನಡೆಯುವ ವ್ರತದಂಥ ಕೆಲಸಗಳು. ಭರಣಿಯ ಬಾಯಿಗೆ ಬಟ್ಟೆ ಬಿಗಿದ ಮೇಲೆ ಒದ್ದೆ ಕೈಯವರು ಅದರ ಹತ್ತಿರ ಸುಳಿಯುವಂತಿರಲಿಲ್ಲ.

ಬೆಳೆದ ಭೂಮಿ ಅವರದಾಗಿರಲಿಲ್ಲ. ಒಡೆಯರ ಭೂಮಿ, ಇವರು ಗೇಣಿದಾರರು. ಸುಗ್ಗಿಯ ರಾಶಿ ಕಣದಲ್ಲಿ ಮೇಲೇಳುತ್ತಿದ್ದಂತೆಯೇ ಗೇಣಿಯ ಕೊಳಗವೂ ಕಣಕ್ಕೆ ಬರುತ್ತಿದ್ದಿತು. ಅದೇ ಕೊಳಗದ ಅಳತೆಯ ಪ್ರಶ್ನೆಯಿಂದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತ ಸತ್ಯಾಗ್ರಹ ಎದ್ದಿತು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಕಿರಿಯ ಮಗ ಹುಟ್ಟಿದ್ದು ಆ ವರ್ಷ. ತಂದೆ ಸತ್ಯಾಗ್ರಹವನ್ನು ನೋಡಿಬರಲು ಹೋಗಿದ್ದ ದಿನ ತೊಟ್ಟಿಲನ್ನು ತೂಗುತ್ತ ತಾಯಿ ಒಬ್ಬಳೇ ಕೊಟ್ಟಿಗೆಯ ಕೆಲಸವನ್ನೂ ಮುಗಿಸಿದ್ದಳೆಂದು ಅಕ್ಕ ಹೇಳುತ್ತಿದ್ದಳು. ದುಡಿಮೆಯ ಮಾತು ಬಂದಾಗ ತಾಯಿ ಮಾತ್ರ ಏನನ್ನೂ ಹೇಳುತ್ತಿರಲಿಲ್ಲ. ಕೋಳಿ ಕೂಗುವ ಮುನ್ನ ಏಳುವುದು, ಎಲ್ಲರೂ ಮಲಗಿದ ಮೇಲೆ ಮಲಗುವುದು ಆಕೆಗೆ ಹೇಳಿಕೊಳ್ಳತಕ್ಕ ಸಂಗತಿಗಳಾಗಿರಲಿಲ್ಲ.

ಬಸುರಿ ಭೂಮಿಗೆ ಬಯಕೆಯೂಟ

ಭೂಮಿ ಒಡೆಯರದಾದರೇನು, ಭೂಮಿತಾಯಿ ಎಲ್ಲರಿಗೂ ತಾಯಿಯಲ್ಲವೆ? ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆಯಾಗುತ್ತದೆ. ಮಲೆನಾಡಿನವರ ಕಣ್ಣಿಗೆ ಆಗ ಭೂಮಿ ತುಂಬು ಬಸುರಿ. ಬಸುರಿಗೆ ಬಯಕೆಯೂಟವನ್ನು ಬಡಿಸದಿರುವುದು ಹೇಗೆ? ಅದೇ ಭೂಮಿಹುಣ್ಣಿಮೆ.

ಆ ಹಬ್ಬಕ್ಕೆ ವಾರಗಳ ಮುಂಚೆಯೇ ತಾಯಿ ಎರಡು ಬುಟ್ಟಿಗಳನ್ನು ಕೆಳಗಿಳಿಸುತ್ತಿದ್ದಳು. ಅವಕ್ಕೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿಯ ಹಿಟ್ಟಿನ ಬಿಳುಪಿನಿಂದ ಚಿತ್ತಾರ ಬರೆಯುತ್ತಿದ್ದಳು. ಅದು ಭೂಮಣ್ಣಿ ಬುಟ್ಟಿ. ಹಬ್ಬದ ಹಿಂದಿನ ರಾತ್ರಿ ಮನೆಯಲ್ಲಿ ನಿದ್ದೆಯಿಲ್ಲ. ಕಾಡಿನಿಂದ, ಹಿತ್ತಿಲಿನಿಂದ ತಂದ ನಾನಾ ಬಗೆಯ ಸೊಪ್ಪುಗಳು, ಸಿಹಿಗುಂಬಳ, ಕಡುಬು, ಎಲ್ಲವೂ ಒಲೆಯ ಮೇಲೆ. ಬೆಳಕು ಹರಿಯುವ ಮುನ್ನ ತಂದೆ ಬುಟ್ಟಿಯನ್ನು ಹೊತ್ತು ಗದ್ದೆಗೆ ಇಳಿದು ಚರಗವನ್ನು ಬೀರುತ್ತಿದ್ದ. ಮಕ್ಕಳು ದೊಂದಿ ಹಿಡಿದು ಹಿಂದೆ. ಗದ್ದೆಯಂಚಿನಲ್ಲಿ ಪೂಜೆಯಾದ ಮೇಲೆ ಕಾಗೆಗೊಂದು ಪಾಲು, ಇಲಿಗೊಂದು ಪಾಲು. ಭತ್ತ ತಿನ್ನುವ ಇಲಿಗೂ ಊಟವೇಕೆಂದು ಹುಡುಗ ಒಮ್ಮೆ ಕೇಳಿದ. “ಅದಕ್ಕೂ ಹೊಟ್ಟೆ ಇಲ್ಲವೇನೋ?” ಎಂದಿದ್ದಳು ತಾಯಿ.

1963ರ ಭೂಮಿಹುಣ್ಣಿಮೆ ಆ ಗದ್ದೆಗಳಲ್ಲಿ ಕೊನೆಯದೆಂಬುದು ಎಲ್ಲರಿಗೂ ತಿಳಿದಿದ್ದಿತು. ಗುಡ್ಡದ ಮೈಯಲ್ಲಿ ನೀರು ಎಲ್ಲಿಯವರೆಗೆ ಏರುವುದೆಂದು ತೋರಿಸುವ ಗುರುತುಕಲ್ಲುಗಳು ಆಗಲೇ ನೆಟ್ಟಿದ್ದವು. ಸಮುದ್ರಮಟ್ಟದಿಂದ 1819 ಅಡಿ. ಅದು ಜಲಾಶಯದ ಪೂರ್ಣ ಮಟ್ಟ. ಆ ಗೆರೆಗಿಂತ ಮೇಲಿದ್ದವರು ಉಳಿದರು, ಕೆಳಗಿದ್ದವರು ಹೊರಡಬೇಕಾಯಿತು. ಅಂಕೆಯೊಂದು ಅಣ್ಣತಮ್ಮಂದಿರ ಮನೆಗಳ ನಡುವೆಯೂ ಗೆರೆಯೆಳೆದಿತ್ತು. ಆ ವರ್ಷ ತಾಯಿ ಬುಟ್ಟಿಯ ಚಿತ್ತಾರದಲ್ಲಿ ಒಂದೆಳೆಯನ್ನೂ ಕಡಿಮೆ ಮಾಡಲಿಲ್ಲ. ಅಡಿಗೆಯಲ್ಲಿ ಒಂದು ಸೊಪ್ಪನ್ನೂ ಬಿಡಲಿಲ್ಲ. ಪೂಜೆ ಮುಗಿದು ಎಲ್ಲರೂ ಹಿಂದಿರುಗಿದ ಮೇಲೂ ಗದ್ದೆಯಂಚಿನಲ್ಲಿ ಬಹಳ ಹೊತ್ತು ಕುಳಿತಿದ್ದಳು.

ಹಸೆಗೋಡೆ

ಅಕ್ಕನಿಗೆ ಆಗ ಹದಿನೇಳು. ಗಂಡು ಗೊತ್ತಾಗಿದ್ದಿತು; ಮದುವೆ ಮುಂದಿನ ವರ್ಷಕ್ಕೆಂದು ಮಾತಾಗಿತ್ತು. ತಾಯಿ ಮದುವೆಯನ್ನು ಹಿಂದಕ್ಕೆಳೆದಳು. “ನಾನು ಈ ಗೋಡೆಯ ಮುಂದೆ ಹಸೆಗೆ ಕೂತು ಈ ಮನೆಯವಳಾದೆ. ಮಗಳೂ ಇಲ್ಲಿಯೇ ಕೂತು ಹೋಗಲಿ” ಎಂದಳು. ಮನೆ ಖಾಲಿಮಾಡುವ ಗಡಿಬಿಡಿಯಲ್ಲಿ ಮದುವೆಯ ಖರ್ಚು ಬೇರೆಯೆ ಎಂದು ತಂದೆ ಸಿಡಿಮಿಡಿಗೊಂಡ. ತಾಯಿ ಮರುಮಾತಾಡದೆ ಅಕ್ಕಿಯನ್ನು ನೆನೆಯಿಟ್ಟಳು.

ದೀವರ ಮದುವೆಗಳಲ್ಲಿ ಮದುಮಕ್ಕಳನ್ನು ಹಸೆಯ ಮೇಲೆ ಕೂರಿಸುವ ಗೋಡೆಗೆ ಬರೆಯುವುದೇ ಹಸೆ ಚಿತ್ತಾರ. ಕೆಂಪಿಗೆ ಕೆಮ್ಮಣ್ಣು, ಬಿಳುಪಿಗೆ ನೆನೆದ ಅಕ್ಕಿಯನ್ನು ಅರೆದ ಹಿಟ್ಟು, ಕಪ್ಪಿಗೆ ಸುಟ್ಟು ಕರಿಕು ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿಯ ಬಣ್ಣ. ಕುಂಚವೆಂದರೆ ಪುಂಡಿಯ ನಾರು. ಅಳತೆಗೆ ಹಗ್ಗವಿಲ್ಲ, ಪಟ್ಟಿಯಿಲ್ಲ. ಕಣ್ಣು ಮತ್ತು ಕೈ ಇಷ್ಟೇ ಸಾಧನ. ಗೆರೆಗೆ ಗೆರೆ ಕೂಡಿ ಚೌಕವಾಗುತ್ತದೆ. ಚೌಕದೊಳಗೆ ಪಲ್ಲಕ್ಕಿ, ಬಾಸಿಂಗ, ಮದುಮಕ್ಕಳ ಗೊಂಬೆಗಳು ಮೂಡುತ್ತವೆ. ತಾಯಿ ಮೂರು ಹಗಲು ಬರೆದಳು. ನೆರೆಮನೆಯ ಹೆಂಗಸರು ಬಂದು ಹಾಡು ಹೇಳಿದರು. ಆ ಹೆಂಗಸರಲ್ಲಿ ಯಾರು ಯಾವ ಊರಿಗೆ ಹೋಗಿ ಬೀಳುವರೆಂಬುದು ಅವರಿಗೇ ಗೊತ್ತಿರಲಿಲ್ಲ. ಮುಂದಿನ ಮದುವೆಯಲ್ಲಿ ಇವರೆಲ್ಲ ಒಂದು ಗೋಡೆಯ ಮುಂದೆ ಸೇರುವುದುಂಟೆ? ಹಾಡಿನ ನಡುನಡುವೆ ಒಬ್ಬೊಬ್ಬರು ಸೆರಗಿನಿಂದ ಕಣ್ಣೊರಸಿಕೊಳ್ಳುವುದನ್ನು ಹುಡುಗ ಕಂಡ, ಹೊಗೆಯಿರಬೇಕೆಂದುಕೊಂಡ.

ಲಾರಿ ಬಂದ ದಿನ

ಮದುವೆಯಾದ ಹದಿನೈದು ದಿನಕ್ಕೆ ಮನೆಯನ್ನು ಬಿಚ್ಚಿದರು. ಮನೆಯನ್ನು ಕಟ್ಟುವುದನ್ನು ನೋಡಿದವರುಂಟು. ಬಿಚ್ಚುವುದನ್ನು ನೋಡಿದ ಮಕ್ಕಳು ಕಡಿಮೆ. ಹೆಂಚುಗಳನ್ನು ಇಳಿಸಿ ಜೋಡಿಸಿದರು. ಪಕಾಸಿ, ತೊಲೆ, ಕಂಬ, ಬಾಗಿಲು, ಒಂದೊಂದಾಗಿ ಅಂಗಳಕ್ಕೆ ಬಂದವು. ಮಣ್ಣಿನ ಗೋಡೆಗಳನ್ನು ಮಾತ್ರ ಒಯ್ಯುವಂತಿರಲಿಲ್ಲ. ಮಾಡಿಲ್ಲದ ಆ ಮನೆಯಲ್ಲಿ, ಅದುವರೆಗೆ ನಡುಮನೆಯ ಮಬ್ಬುಗತ್ತಲನ್ನಷ್ಟೇ ಕಂಡಿದ್ದ ಹಸೆಗೋಡೆ ಮೊದಲ ಬಾರಿಗೆ ಬಯಲ ಬಿಸಿಲಿಗೆ ತೆರೆದುಕೊಂಡಿತು. ಕೆಂಪು ಅಷ್ಟು ಕೆಂಪೆಂದು, ಬಿಳುಪು ಅಷ್ಟು ಬಿಳುಪೆಂದು ಮನೆಯವರಿಗೇ ಅಂದು ತಿಳಿಯಿತು.

ಲಾರಿ ಬಂದಿತು. ಹದಿಮೂರು ವರ್ಷದ ಹುಡುಗ ಅದುವರೆಗೆ ಲಾರಿ ಹತ್ತಿದವನಲ್ಲ. ತೊಲೆಗಳ ಮೇಲೆ, ಹುಲ್ಲಿನ ಹೊರೆಯ ಮೇಲೆ, ಎಲ್ಲರಿಗಿಂತ ಎತ್ತರದಲ್ಲಿ ಕುಳಿತವನಿಗೆ ಹಬ್ಬದ ಸಂಭ್ರಮ. ಚಾಲಕ ಎರಡು ಬಾರಿ ಹಾರ್ನ್ ಮಾಡಿದ. ತಾಯಿ ಕಾಣಿಸಲಿಲ್ಲ. ಆಕೆ ಹಳ್ಳದ ದಡಕ್ಕೆ ಹೋಗಿ ಅಪ್ಪೆಮಿಡಿಯ ಮರದ ಬುಡದಲ್ಲಿ ಬಿದ್ದಿದ್ದ ಹಣ್ಣಿನ ಓಟೆಗಳನ್ನು ಸೆರಗಿಗೆ ಆರಿಸಿಕೊಳ್ಳುತ್ತಿದ್ದಳು. ಅಲ್ಲಿಂದ ಮರಳಿ ಮನೆಯನ್ನು ಒಂದು ಸುತ್ತು ಬಂದಳು. ಹುಡುಗನಿಗೆ ತಾಳ್ಮೆ ತಪ್ಪಿತು. ಲಾರಿಯ ಮೇಲಿನಿಂದ ಕೂಗಿದ: “ಬೇಗ ಬಾರೇ! ಅಲ್ಲೇನಿದೆ ಇನ್ನು ನೋಡುವುದಕ್ಕೆ?”

ತಾಯಿ ಬಂದು ಹತ್ತಿದಳು. ಮಗನನ್ನು ಗದರಲಿಲ್ಲ. ತಿರುವಿನಲ್ಲಿ ಎಲ್ಲರೂ ಹಿಂದಿರುಗಿ ನೋಡಿದರು. ಬೋಳು ಗೋಡೆಗಳ ನಡುವೆ ಆ ಚಿತ್ತಾರ ಒಂದೇ ಕಣ್ಣಿಗೆ ಹೊಡೆಯುತ್ತಿದ್ದಿತು. ತಾಯಿ ಮಾತ್ರ ಮುಂದಕ್ಕೆ ನೋಡುತ್ತ ಕುಳಿತಿದ್ದಳು. ಮಡಿಲಲ್ಲಿ ಉಪ್ಪಿನಕಾಯಿಯ ಭರಣಿ, ಸೆರಗಿನಲ್ಲಿ ಓಟೆಗಳ ಗಂಟು.

ಅರವತ್ತು ವರ್ಷಗಳಿಂದ ಆ ಮೇಷ್ಟರ ಕಿವಿಯಲ್ಲಿ ಉಳಿದಿರುವುದು ತಾಯಿಯ ಯಾವ ಮಾತೂ ಅಲ್ಲ. ತಾವೇ ಕೂಗಿದ ಆ ಕೂಗು.

ಹೊಸ ಊರು

ಮನೆಯ ಸಾಮಾನನ್ನು ಶಿವಮೊಗ್ಗ ತಾಲ್ಲೂಕಿನ ಕಾಡಿನಂಚಿನ ಒಂದು ಬಯಲಿನಲ್ಲಿ ಇಳಿಸಿದರು. ಬಾವಿ ಇಲ್ಲ, ಗದ್ದೆ ಇಲ್ಲ, ಮೊದಲ ಮಳೆಗಾಲ ಕಳೆದುದು ಸೋಗೆಯ ಗುಡಿಸಿಲಿನಲ್ಲಿ. ಹಳೆಯ ಊರಿನ ಜನ ದಿಕ್ಕಿಗೊಬ್ಬರಾಗಿ ಚದರಿದ್ದರು. ಉತ್ತ ಭೂಮಿಯ ದಾಖಲೆ ಒಡೆಯರ ಹೆಸರಿನಲ್ಲಿದ್ದುದರಿಂದ ಆ ಭೂಮಿಯ ಪರಿಹಾರ ಈ ಮನೆಗೆ ಬರಲಿಲ್ಲ. ಕೈಗೆ ಬಂದುದು ಸ್ವಲ್ಪ ಹಣ, ಕಾಡು ಕಡಿದು ಸಾಗುಮಾಡಬೇಕಾದ ಒಂದಿಷ್ಟು ನೆಲ. ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿದ ಭೂಸುಧಾರಣೆ ಜಾರಿಗೆ ಬಂದದ್ದು 1974ರಲ್ಲಿ. ಹತ್ತು ವರ್ಷ ಮುಂಚೆ ಬಂದಿದ್ದರೆ, ಎಂದು ತಂದೆ ಸಾಯುವವರೆಗೂ ಲೆಕ್ಕ ಹಾಕುತ್ತಿದ್ದ. ಕಣಿವೆಯಿಂದ ಹೊರಟ ಅನೇಕ ಕುಟುಂಬಗಳಿಗೆ, ತಾವು ಸಾಗುಮಾಡಿದ ಅರಣ್ಯಭೂಮಿಯ ಹಕ್ಕುಪತ್ರದ ಪ್ರಶ್ನೆ ಆರು ದಶಕಗಳು ಕಳೆದರೂ ಪೂರ್ತಿಯಾಗಿ ಬಗೆಹರಿದಿಲ್ಲ.

ಶಾಲೆಯಲ್ಲಿ ಹುಡುಗನಿಗೆ ಹೊಸದೊಂದು ಹೆಸರು ಬಂದಿತು: “ಮುಳುಗಡೆಯವನು”. ಊರ ಹೆಸರನ್ನು ಕೇಳಿದವರಿಗೆ ಹೇಳಲು ಊರಿರಲಿಲ್ಲ. ಆ ಹೆಸರನ್ನು ಕನ್ನಡ ಸಾಹಿತ್ಯ ಮುಂದೆ ಗೌರವದಿಂದ ಎತ್ತಿಕೊಂಡಿತು. ಸಾಗರದಲ್ಲಿ ನೆಲೆಸಿದ್ದ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಮೊದಲಾದ ಕಾದಂಬರಿಗಳಲ್ಲಿ ಈ ಜನರ ಪಾಡನ್ನು ಬರೆದರು. 2002ರಲ್ಲಿ ‘ದ್ವೀಪ’ ಗಿರೀಶ ಕಾಸರವಳ್ಳಿಯವರ ಚಲನಚಿತ್ರವೂ ಆಯಿತು. ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡಾಗ, ತಮ್ಮ ಕಥೆಯನ್ನು ಬಲ್ಲ ಬಂಧುವೊಬ್ಬನನ್ನು ಕಳೆದುಕೊಂಡಂತೆ ಮೇಷ್ಟರು ಒಂದು ದಿನ ಮಾತಿಲ್ಲದೆ ಕುಳಿತಿದ್ದರು.

ತಾಯಿ ಕಥೆ ಓದಿದವಳಲ್ಲ. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಹೊಸ ಗುಡಿಸಿಲಿನ ಹಿಂದೆ ಓಟೆಗಳನ್ನು ನೆಟ್ಟಳು. ಹಳೆಯ ಮರದ ಕೊನೆಯ ಉಪ್ಪಿನಕಾಯಿಯನ್ನು ಹಬ್ಬಕ್ಕೊಂದು ಮಿಡಿಯಂತೆ, ಜ್ವರ ಬಿಟ್ಟವರ ಗಂಜಿಗೊಂದು ಮಿಡಿಯಂತೆ ಬಡಿಸುತ್ತ ಮೂರು ವರ್ಷ ಉಳಿಸಿದಳು. ಕಡೆಯ ಮಿಡಿ ಮುಗಿದ ದಿನ ಭರಣಿಯನ್ನು ತೊಳೆಯದೆ ಅಟ್ಟದ ಮೇಲಿಟ್ಟಳು.

ಬೆಳಕು ಬಂದ ರಾತ್ರಿ

ಆ ಜಲಾಶಯದ ನೀರು ವ್ಯರ್ಥವಾಗಲಿಲ್ಲವೆಂಬುದನ್ನೂ ಹೇಳಬೇಕು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು 1035 ಮೆಗಾವಾಟ್ ಶಕ್ತಿಯನ್ನು ಉತ್ಪಾದಿಸಬಲ್ಲವು. ನಾಡಿನ ನಗರಗಳು ಬೆಳಗಿದವು, ಕಾರ್ಖಾನೆಗಳು ತಿರುಗಿದವು. ಆದರೆ ಆ ಬೆಳಕಿಗಾಗಿ ಮನೆಯನ್ನು ಬಿಟ್ಟ ಈ ಕುಟುಂಬ ಹದಿನೈದು ವರ್ಷ ಸೀಮೆಎಣ್ಣೆಯ ಬುಡ್ಡಿಯ ಬೆಳಕಿನಲ್ಲಿಯೇ ಬದುಕಿತು. ಮಗ ಓದಿದ್ದೂ, ಉಪಾಧ್ಯಾಯನಾಗಿ ಮಕ್ಕಳ ಲೆಕ್ಕದ ಪುಸ್ತಕಗಳನ್ನು ತಿದ್ದಿದ್ದೂ ಅದೇ ಬುಡ್ಡಿಯ ಮುಂದೆ.

ಕಡೆಗೊಂದು ಸಂಜೆ ಮನೆಗೆ ವಿದ್ಯುತ್ತು ಬಂದಿತು. ನಡುಮನೆಯಲ್ಲಿ ಒಂದೇ ಒಂದು ದೀಪ. ಮಗ ಗುಂಡಿಯನ್ನು ಒತ್ತಿದ. ತಾಯಿ ಬೆಳಕನ್ನು ನೋಡುತ್ತ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು:

“ಇದು ನಮ್ಮ ಹೊಳೆಯದೇ ಏನೋ?”

ತಂತಿಗಳ ಜಾಲದಲ್ಲಿ ಯಾವ ಹೊಳೆಯ ಶಕ್ತಿ ಎಲ್ಲಿಗೆ ಹರಿಯುವುದೆಂದು ಬೇರೆಮಾಡಿ ಹೇಳಲು ಬರುವಂತಿಲ್ಲ. ಮಗ ಅದನ್ನು ವಿವರಿಸಹೊರಟು, ತಾಯಿಯ ಮುಖವನ್ನು ನೋಡಿ, “ಹೌದವ್ವಾ, ನಮ್ಮ ಹೊಳೆಯದೇ” ಎಂದ.

“ಹಾಗಾದರೆ ಇವತ್ತೊಂದು ರಾತ್ರಿ ಆರಿಸಬೇಡ” ಎಂದಳು ತಾಯಿ.

ಆ ರಾತ್ರಿ ದೀಪ ಉರಿಯುತ್ತಲೇ ಇದ್ದಿತು. ಎಲ್ಲರೂ ಮುಖದ ಮೇಲೆ ಕಂಬಳಿಯನ್ನೆಳೆದುಕೊಂಡು ಮಲಗಿದರು. ಲಾರಿಯ ಮೇಲಿನಿಂದ ಕೂಗಿದ ಮಾತಿಗೆ ಅಂದಾದರೂ ಕ್ಷಮೆ ಕೇಳಬೇಕೆಂದು ಮಗನಿಗೆ ಅನಿಸಿತು. ನಾಳೆ ಕೇಳಿದರಾಯಿತೆಂದುಕೊಂಡ. ಅಂಥ ನಾಳೆಗಳು ಅನೇಕ ಬಂದವು, ಹೋದವು. 1990ರ ದಶಕದ ಒಂದು ಮಳೆಗಾಲದಲ್ಲಿ ತಾಯಿಯೂ ಹೋದಳು. ಆಕೆ ಆ ಕೂಗನ್ನು ನೆನಪಿಟ್ಟುಕೊಂಡಿದ್ದಳೋ ಇಲ್ಲವೋ, ಇನ್ನು ತಿಳಿಯುವಂತಿಲ್ಲ.

ಓಟೆಯ ಮರ

ನೀರು ತೀರ ಇಳಿದ ಒಂದು ಬೇಸಗೆಯಲ್ಲಿ ಮೇಷ್ಟರು ಕಣಿವೆಗೆ ಹೋಗಿಬಂದರು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹಿನ್ನೀರಿನ ಮೇಲೆ ಕಟ್ಟಿದ ದೊಡ್ಡ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಅದಕ್ಕೆ ಮುಂಚೆ ಸಿಗಂದೂರಿನ ಕಡೆಗೆ ಹೋಗುವವರು ಲಾಂಚನ್ನು ಕಾಯಬೇಕಾಗಿದ್ದಿತು. ಅವರು ಹೋದದ್ದು ಲಾಂಚಿನ ಕಾಲದಲ್ಲಿ. ದಡದಿಂದ ಮುಂದೆ ಕಾಲ್ನಡಿಗೆ. ಎರಡು ಗುಡ್ಡಗಳ ನೆತ್ತಿಯನ್ನು ಕಣ್ಣಿನಲ್ಲಿ ಕೂಡಿಸಿ ಗುರುತು ಹಿಡಿದರು. ಹಳ್ಳದ ದಡದಲ್ಲಿ ಮಿಡಿಯ ಮರದ ಬೊಡ್ಡೆ ಇದ್ದಿತು. ಅಲ್ಲಿಂದ ಎಣಿಸಿಕೊಂಡು ಮೇಲೆ ಬಂದರೆ ಅಡಿಪಾಯದ ಕಲ್ಲುಗಳ ಸಾಲು. ಅದರ ನಡುವೆ ರೇವೆಯಲ್ಲಿ ಅರ್ಧ ಹೂತ ಒರಳುಕಲ್ಲು. ಗೋಡೆಯ ಕುರುಹೂ ಇರಲಿಲ್ಲ. ಮೊದಲ ಮಳೆಗೇ ಅದು ಕರಗಿ, ಕೆಮ್ಮಣ್ಣೂ ಅಕ್ಕಿಹಿಟ್ಟೂ ಒಂದಾಗಿ ಹೊಳೆಯನ್ನು ಸೇರಿರಬೇಕು. ಅವರು ಒರಳಿನ ಕುಳಿಯಲ್ಲಿ ತುಂಬಿದ್ದ ಮಣ್ಣನ್ನು ಕೈಯಿಂದ ತೋಡಿ ತೆಗೆದರು. ಬಳಿಕ, ಅಂದು ತಾಯಿ ನಡೆದಂತೆ, ಆ ಕಲ್ಲುಗಳನ್ನು ಒಂದು ಸುತ್ತು ನಡೆದರು. ಬೇಗ ಬಾ ಎಂದು ಕರೆಯುವವರು ಅಲ್ಲಿ ಯಾರೂ ಇರಲಿಲ್ಲ.

ಒರಳಿನ ಮಣ್ಣನ್ನು ಕಟ್ಟಿಕೊಂಡು ಬಂದು ಅಕ್ಕನ ಮುಂದಿಟ್ಟರು. ಎಂಬತ್ತರ ಸಮೀಪದ ಆ ಅಕ್ಕ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿ, “ಇದು ನಮ್ಮ ಕೆಮ್ಮಣ್ಣಲ್ಲ ಕಣೋ, ಹೊಳೆ ತಂದ ರೇವೆ” ಎಂದರು. ಎಂದು ಎಸೆಯಲಿಲ್ಲ, ಹಿತ್ತಿಲಿಗೆ ಹೋಗಿ, ತಾಯಿ ನೆಟ್ಟ ಓಟೆಗಳಲ್ಲಿ ಉಳಿದ ಒಂದೇ ಮರದ ಬುಡಕ್ಕೆ ಹಾಕಿದರು. ಕುಟುಂಬದಲ್ಲಿ ಮದುವೆ ಬಂದರೆ ಹಸೆಗೋಡೆಗೆ ಇಂದಿಗೂ ಮೊದಲ ಗೆರೆಯನ್ನು ಎಳೆಯುವವರು ಆ ಅಕ್ಕ. ಕೈ ನಡುಗುತ್ತದೆ, ಗೆರೆ ನಡುಗುವುದಿಲ್ಲ.

ಮಾವಿನ ಓಟೆಯನ್ನು ನೆಟ್ಟರೆ ತಾಯಿಮರದ ಗುಣವೇ ಬರುವುದೆಂಬ ನಂಬಿಕೆಯಿಲ್ಲವೆಂಬುದನ್ನು ಬೆಳೆಗಾರರು ಬಲ್ಲರು. ಅಪ್ಪೆಮಿಡಿಯ ಪರಿಮಳವನ್ನು ಉಳಿಸಬೇಕೆನ್ನುವವರು ಕಸಿಕಟ್ಟುತ್ತಾರೆ. ಈ ಮರದ ಮಿಡಿಯಲ್ಲಿ ಹುಳಿಯಿದೆ, ಸೊನೆಯಿದೆ. ಹಳ್ಳದ ದಡದ ಆ ಪರಿಮಳ ಮಾತ್ರ ಇಲ್ಲ. ಆದರೂ ಪ್ರತಿ ಚೈತ್ರದಲ್ಲಿ ಮಿಡಿಯನ್ನು ನೆಲಕ್ಕೆ ಬೀಳಗೊಡದೆ ಇಳಿಸುತ್ತಾರೆ. ತೊಟ್ಟು ಮುರಿಯದಂತೆ ಆರಿಸುತ್ತಾರೆ. ಅಟ್ಟದ ಮೇಲಿದ್ದ ಆ ಹಳೆಯ ಭರಣಿಯಲ್ಲಿಯೇ ಹಾಕುತ್ತಾರೆ. ಬೇಸಗೆಯ ರಜೆಗೆ ಬೆಂಗಳೂರಿನಿಂದ ಬರುವ ಮೊಮ್ಮಕ್ಕಳು ಗಂಜಿಯೂಟಕ್ಕೆ ಕುಳಿತು, ಇಂಥ ಉಪ್ಪಿನಕಾಯಿ ಎಲ್ಲಿಯೂ ಸಿಗುವುದಿಲ್ಲವೆಂದು ಬೆರಳು ಚೀಪುತ್ತಾರೆ.

ಮೇಷ್ಟರು ಅಕ್ಕನ ಮುಖವನ್ನು ನೋಡುತ್ತಾರೆ. ಅಕ್ಕ ಏನನ್ನೂ ಹೇಳದೆ ಮಕ್ಕಳ ಎಲೆಗೆ ಇನ್ನೊಂದೊಂದು ಮಿಡಿಯನ್ನು ಬಡಿಸುತ್ತಾರೆ.